ಮನೆಯ ಗಣಕಯಂತ್ರಕ್ಕೆ ಎರಡು ವಿಳಾಸ

ಮದುವೆಯ ಛಾಯಾಚಿತ್ರಗಳು, ಹೊಲದ ಪಹಣಿ, ಹಿರಿಯರ ಹಸ್ತಾಕ್ಷರದ ಪ್ರತಿಗಳು ಈಗ ಅನೇಕ ಮನೆಗಳಲ್ಲಿ ಗಣಕಯಂತ್ರವನ್ನು ಸೇರಿವೆ. ಉದ್ಯೋಗ ನಿಮಿತ್ತ ದೂರದಲ್ಲಿರುವ ಮಕ್ಕಳು ಅವನ್ನು ಅಲ್ಲಿಂದಲೇ ತೆರೆದು ನೋಡಬೇಕಾದರೆ ಆ ಯಂತ್ರದ ವಿಳಾಸ ತಿಳಿದಿರಬೇಕು. ಅದನ್ನು ಅರಿಯುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ವಿಳಾಸಗಳು ಎರಡು. ಮನೆಯೊಳಗಿನದನ್ನು ರೌಟರ್ ಕೊಡುತ್ತದೆ. ಬಹುಮಟ್ಟಿಗೆ ಅದು 192.168 ಎಂದು ಮೊದಲಾಗುತ್ತದೆ. ಅದೇ ಸಂಖ್ಯೆ ಅಸಂಖ್ಯ ಮನೆಗಳಲ್ಲಿ ಇರುವುದರಿಂದ ಹೊಸ್ತಿಲಾಚೆ ಅದಕ್ಕೆ ಬೆಲೆಯಿಲ್ಲ. ಲಿನಕ್ಸ್ ಯಂತ್ರದಲ್ಲಿ ‘ಹೋಸ್ಟ್‌ನೇಮ್’ ಎಂಬ ಆಜ್ಞೆಯ ಮುಂದೆ ಅಡ್ಡಗೆರೆಯನ್ನೂ ಇಂಗ್ಲಿಷಿನ ದೊಡ್ಡ ಐ ಅಕ್ಷರವನ್ನೂ ಬರೆದರೆ ಅದು ತೋರುತ್ತದೆ. ಇನ್ನೊಂದು, ಅಂತರ್ಜಾಲ ಸಂಪರ್ಕ ಒದಗಿಸುವ ಸಂಸ್ಥೆಯು ಇಡೀ ಮನೆಗೆ ಕೊಡುವ ಹೊರವಿಳಾಸ. ಇದು ಸಾಮಾನ್ಯವಾಗಿ ಸ್ಥಿರವಲ್ಲ, ಆಗಾಗ ಬದಲಾಗುತ್ತದೆ.

ತನ್ನ ಬೆನ್ನು ತನಗೆ ಕಾಣದು, ಯಂತ್ರಕ್ಕೂ ಹಾಗೆಯೇ. ಹೊರವಿಳಾಸವನ್ನು ಹೊರಗಿನವರನ್ನೇ ಕೇಳಬೇಕು. ಕೇಳಿದವರಿಗೆ ಅವರ ವಿಳಾಸವನ್ನಷ್ಟೇ ತಿಳಿಸುವ ತಾಣಗಳಿವೆ. 1998ರಿಂದ ಬಳಕೆಯಲ್ಲಿರುವ ‘ಕರ್ಲ್’ ಎಂಬ ಉಪಕರಣವು ಆ ಉತ್ತರವನ್ನು ತಂದುಕೊಡುತ್ತದೆ. ದಿನವೂ ಕೈಯಿಂದ ಕೇಳುವುದು ಬೇಸರದ ಕೆಲಸವೇ ಸರಿ. ಆದ್ದರಿಂದ ಆಜ್ಞೆಗಳನ್ನು ಒಂದರ ಕೆಳಗೊಂದು ಕಡತದಲ್ಲಿ ಬರೆದಿಡುವುದುಂಟು. ಇದೇ ಶೆಲ್ ಸ್ಕ್ರಿಪ್ಟ್. ಬಂದ ಉತ್ತರವನ್ನು ಅದು ಹಿಂದೆ ಬರೆದಿಟ್ಟ ವಿಳಾಸದೊಡನೆ ಹೋಲಿಸಿ, ಭೇದ ಕಂಡರೆ ಹೊಸದನ್ನು ದಾಖಲಿಸಿ, ಮಕ್ಕಳಿಗೆ ಇ-ಮೇಲ್ ಕಳುಹಿಸುತ್ತದೆ. ‘ಕ್ರಾನ್’ ಎಂಬ ವ್ಯವಸ್ಥೆಗೆ ಒಪ್ಪಿಸಿದರೆ ಹತ್ತು ನಿಮಿಷಕ್ಕೊಮ್ಮೆ ತಾನೇ ನಡೆಯುವುದು. ಆದರೆ ಸಂಪರ್ಕ ಕಡಿದಾಗ ಉತ್ತರ ಬರಿದಾಗಿರುತ್ತದೆ. ಬಂದುದು ನಿಜವಾಗಿ ವಿಳಾಸವೇ ಎಂದು ಪರೀಕ್ಷಿಸುವ ಸಾಲನ್ನು ಮೊದಲೇ ಸೇರಿಸದಿದ್ದರೆ, ಆ ಬರಿದೇ ಹಳೆಯ ವಿಳಾಸವನ್ನು ಅಳಿಸಿಬಿಡುತ್ತದೆ.

ಇಷ್ಟಾದರೂ ಬಾಗಿಲು ದೊರೆಯದಿರಬಹುದು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವುಗಳ ಕೇಂದ್ರ ಭಂಡಾರ 2011ರ ಫೆಬ್ರವರಿಯಲ್ಲಿಯೇ ಬರಿದಾಯಿತು. ಹೀಗಾಗಿ ಸಂಸ್ಥೆಗಳು ಹಲವು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸುತ್ತವೆ. ರೌಟರಿನ ಪುಟದಲ್ಲಿ ಕಾಣುವ ಹೊರಸಂಪರ್ಕದ ವಿಳಾಸವನ್ನು ಸ್ಕ್ರಿಪ್ಟ್ ತಂದುದರೊಡನೆ ಹೋಲಿಸಿ ನೋಡಬೇಕು. ಮೊದಲನೆಯದು 100.64ರಿಂದ 100.127ರವರೆಗಿನ ಸಾಲಿನದಾಗಿದ್ದರೆ, ಸ್ಕ್ರಿಪ್ಟ್ ತಂದ ವಿಳಾಸ ನಿಮ್ಮೊಬ್ಬರದಲ್ಲ. ಆಗ ಸಂಸ್ಥೆಯಿಂದ ಸ್ವಂತದ ಸ್ಥಿರ ವಿಳಾಸ ದೊರೆಯುವುದೇ ಎಂದು ವಿಚಾರಿಸಬೇಕು. ಇಲ್ಲವೇ ಹೊಸ ಪದ್ಧತಿಯಾದ ಐಪಿವಿ6ನ್ನು ಆಶ್ರಯಿಸಬೇಕು. ಯಾವುದೇ ಆಗಲಿ, ಹೊರಗಿನವರಿಗೆ ಬಾಗಿಲು ತೆರೆಯುವ ಮುನ್ನ ಯಂತ್ರಕ್ಕೆ ಬಲವಾದ ಗುಪ್ತಪದವನ್ನು ಇಡತಕ್ಕದ್ದು.