ಮೂವತ್ತು ದಾಟಿದ ಮೇಲೆ ಎಂಟೆಕ್: ಮನೆ ಖರ್ಚಿಗೆ ದುಡ್ಡು ಎಲ್ಲಿಂದ?

ಕೆಲಸ ಬಿಟ್ಟು ಗೇಟ್ ಬರೆದ ಕತೆಯನ್ನ ಹಿಂದೆ ಒಂದು ವಿಡಿಯೋದಲ್ಲಿ ಹೇಳಿದ್ದೆ. ಆಮೇಲೆ ಸಿಕ್ಕ ಗೆಳೆಯರು ಯಾರೂ ಸಿಲಬಸ್ ಬಗ್ಗೆ ಕೇಳಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಎರಡು ವರ್ಷ ಮನೆ ಹೇಗೆ ನಡೆಸಿದ್ರಿ?" ಇವತ್ತು ಅದನ್ನೇ ಮಾತಾಡ್ತೀನಿ. ಅಂಕಿ ಅಂಶ ಜಾಸ್ತಿ ಇರೋದ್ರಿಂದ ಇಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೀನಿ.

ಮೊದಲು ನನ್ನ ಲೆಕ್ಕ. 2022ರಲ್ಲಿ ನನಗೆ 33 ವರ್ಷ. ಊರು ಹಾಸನ, ಮುಂಬೈಗೆ ಬಂದು ಹತ್ತು ವರ್ಷ ಆಗಿತ್ತು. ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ, ಮನೆ ಬಾಂದ್ರಾ ಪಶ್ಚಿಮದಲ್ಲಿ, ಬಾಡಿಗೆ 48,000. ನನ್ನ ಕೈಗೆ ತಿಂಗಳಿಗೆ 1,12,000 ಬರ್ತಿತ್ತು, ಹೆಂಡತಿಗೆ ಶಾಲೆಯ ಕೆಲಸದಿಂದ 46,000. ಮಗಳು ಯುಕೆಜಿ. ನಾನು ರಾಜೀನಾಮೆ ಕೊಟ್ಟರೆ ಉಳಿಯೋದು ಅವಳ 46,000 ಮಾತ್ರ, ಅಂದ್ರೆ ಬಾಡಿಗೆಗೂ ಸಾಲದು. ಹಾಗಾಗಿ ಮೊದಲು ಮಾಡಿದ ಕೆಲಸ ಸ್ಕಾಲರ್‌ಶಿಪ್ ಹುಡುಕಿದ್ದಲ್ಲ. ರೈಲ್ವೆ ಲೈನ್ ದಾಟಿ ಪೂರ್ವಕ್ಕೆ, ಖೇರ್‌ವಾಡಿ ಕಡೆಗೆ ಮನೆ ಬದಲಾಯಿಸಿದ್ವಿ. ಬಾಡಿಗೆ 30,000ಕ್ಕೆ ಇಳೀತು. ತಿಂಗಳಿಗೆ 18,000 ಅಂದ್ರೆ ಎರಡು ವರ್ಷಕ್ಕೆ 4,32,000. ಯಾವ ಸ್ಕಾಲರ್‌ಶಿಪ್ಪೂ ನನಗೆ ಅಷ್ಟು ಕೊಡಲಿಲ್ಲ.

ಆಮೇಲೆ ಅರ್ಜಿಗಳ ಹಿಂದೆ ಬಿದ್ದೆ. ಎಲ್ಲ ಕಡೆ ಒಂದು ಕಾಲಂ ಇರುತ್ತೆ: ತಂದೆಯ ವಾರ್ಷಿಕ ಆದಾಯ. ನಮ್ಮಪ್ಪ ನಿವೃತ್ತ ಮೇಷ್ಟ್ರು, ವಯಸ್ಸು 68. ಮದುವೆ ಆಗಿ ಮಗು ಇರುವವನೂ ಅಪ್ಪನ ಆದಾಯ ಬರೀಬೇಕಾ? ಕೆಲವು ಕಡೆ ಹೌದು, ಕೆಲವು ಕಡೆ ಗಂಡ ಹೆಂಡತಿ ಇಬ್ಬರ ಆದಾಯ. ನಿಜವಾದ ತೊಡಕು ಅದಲ್ಲ. ಆದಾಯ ಪ್ರಮಾಣಪತ್ರ ಹೇಳೋದು ಕಳೆದ ವರ್ಷದ ಕತೆ. ನಿನ್ನೆ ಕೆಲಸ ಬಿಟ್ಟವನ ಜೇಬಲ್ಲಿ ಇವತ್ತು ಏನೂ ಇಲ್ಲದಿದ್ದರೂ ಕಾಗದದ ಮೇಲೆ ಅವನು ವರ್ಷಕ್ಕೆ ಹದಿನೈದು ಲಕ್ಷದ ಸಾಹುಕಾರ. ಆದಾಯ ನೋಡಿ ಕೊಡುವ ಯಾವ ಯೋಜನೆಯೂ ಮೊದಲ ವರ್ಷ ನಿಮ್ಮ ಕೈಗೆ ಸಿಗಲ್ಲ. ಎರಡನೇ ವರ್ಷ ಮತ್ತೆ ಪ್ರಯತ್ನಿಸಿ, ಆಗ ಪ್ರಮಾಣಪತ್ರ ಬೇರೆ ಇರುತ್ತೆ. ಇದನ್ನ ನನಗೆ ಯಾರೂ ಮೊದಲೇ ಹೇಳಲಿಲ್ಲ.

ಇನ್ನೊಂದು, ನಮ್ಮಂಥ ವಲಸಿಗರಿಗೇ ಇರುವ ತ್ರಿಶಂಕು ಸ್ಥಿತಿ. ಉಪನಗರ ಜಿಲ್ಲಾಧಿಕಾರಿ ಕಚೇರಿ ಇರೋದು ನಮ್ಮ ಬಾಂದ್ರಾ ಪೂರ್ವದಲ್ಲೇ, ಮನೆಯಿಂದ ನಡೆದೇ ಹೋಗಬಹುದು. ತಾಲೂಕು ಮಾತ್ರ ಅಂಧೇರಿ. ಆದರೆ ಮಹಾರಾಷ್ಟ್ರದ ಡೊಮಿಸೈಲ್‌ಗೆ 15 ವರ್ಷ ವಾಸ ಬೇಕು, ನನ್ನದು ಹತ್ತು. ಕರ್ನಾಟಕದ ವಿದ್ಯಾರ್ಥಿವೇತನಕ್ಕೆ ಅಲ್ಲಿನ ನಿವಾಸಿ ಆಗಿರಬೇಕು, ಊರಿನ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಿ ಎಷ್ಟೋ ವರ್ಷ ಆಗಿದೆ. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಪರಿಶಿಷ್ಟ ಜಾತಿಯ ಗೆಳೆಯರು ಒಂದು ವಿಷಯ ಗಮನಿಸಿ: ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಕೊಡೋದು ನೀವು ಓದುವ ರಾಜ್ಯ ಅಲ್ಲ, ನೀವು ಖಾಯಂ ನಿವಾಸಿಯಾಗಿರುವ ರಾಜ್ಯ. ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಊರಿನ ದಾಖಲೆಗಳನ್ನ ಜೀವಂತ ಇಟ್ಟುಕೊಳ್ಳಿ.

ಹಾಗಾದರೆ ವಯಸ್ಸು, ಊರು, ಅಪ್ಪನ ಆದಾಯ ಏನನ್ನೂ ಕೇಳದ ದುಡ್ಡು ಯಾವುದು? ಗೇಟ್ ಸ್ಟೈಪೆಂಡ್. ಗೇಟ್ ಬರೆಯೋಕೆ ವಯಸ್ಸಿನ ಮಿತಿ ಇಲ್ಲ, ಸ್ಕೋರ್ 3 ವರ್ಷ ನಡೆಯುತ್ತೆ. ಫುಲ್ ಟೈಮ್ ಎಂಟೆಕ್‌ಗೆ ಆ ಸ್ಕೋರ್ ಇಟ್ಟುಕೊಂಡು ಸೇರಿದರೆ ತಿಂಗಳಿಗೆ 12,400, 24 ತಿಂಗಳು. ಒಟ್ಟು 2,97,600. ಓದಿಗೆ ಕೊಡುವ ಸ್ಕಾಲರ್‌ಶಿಪ್ ಆದ್ದರಿಂದ ಇದರ ಮೇಲೆ ಆದಾಯ ತೆರಿಗೆ ಇಲ್ಲ. ಬದಲಿಗೆ ವಾರಕ್ಕೆ ಎಂಟು ಹತ್ತು ಗಂಟೆ ಲ್ಯಾಬ್, ಟ್ಯುಟೋರಿಯಲ್ ಕೆಲಸ ಮಾಡಬೇಕು. ಬೇರೆ ಕಡೆ ಸಂಬಳ ತಗೊಳ್ಳೋ ಹಾಗಿಲ್ಲ.

ಇಲ್ಲೇ ನಾನು ಹಳ್ಳಕ್ಕೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಪ್ರವೇಶದ ಅರ್ಜಿಯಲ್ಲಿ ರೆಗ್ಯುಲರ್, ಸ್ಪಾನ್ಸರ್ಡ್, ಪಾರ್ಟ್ ಟೈಮ್ ಅಂತ ಕೇಳ್ತಾರೆ. "ಸ್ಪಾನ್ಸರ್ಡ್ ಅಂತ ಹಾಕು, ಕಾಂಪಿಟಿಶನ್ ಕಮ್ಮಿ. ನಾನು ಲೆಟರ್ ಕೊಡ್ತೀನಿ" ಅಂದಿದ್ದರು ನನ್ನ ಮ್ಯಾನೇಜರ್. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಸ್ಪಾನ್ಸರ್ಡ್ ಮತ್ತು ಪಾರ್ಟ್ ಟೈಮ್ ಸೀಟಿಗೆ ಸ್ಟೈಪೆಂಡ್ ಇಲ್ಲ. ಕಂಪನಿ ನಿಮ್ಮ ಸಂಬಳ ಕೊಡುತ್ತೆ ಅನ್ನೋದೇ ಆ ವರ್ಗದ ಅರ್ಥ. ಬರೀ ಲೆಟರ್ ಕೊಟ್ಟು ಸಂಬಳ ಕೊಡದಿದ್ದರೆ ಎರಡೂ ಹೋಯ್ತು. ಒಂದು ಟಿಕ್ ಮಾರ್ಕಿನ ಬೆಲೆ ಮೂರು ಲಕ್ಷ. ಕಂಪನಿ ನಿಜವಾಗಿ ಸಂಬಳ, ಫೀಸು ಎರಡೂ ಕೊಡುತ್ತೆ ಅಂದ್ರೆ ಖಂಡಿತ ಹೋಗಿ, ಆದರೆ ಬಾಂಡ್ ಓದಿ: ಎಷ್ಟು ವರ್ಷ ದುಡೀಬೇಕು, ಅವರೇ ನಿಮ್ಮನ್ನ ತೆಗೆದುಹಾಕಿದರೂ ನೀವೇ ಹಣ ವಾಪಸ್ ಕಟ್ಟಬೇಕಾ ಅಂತ. ಎರಡನೇ ಪ್ರಶ್ನೆ ಈಗಿನ ಲೇಆಫ್ ಕಾಲದಲ್ಲಿ ಮುಖ್ಯ.

ಸ್ಟೈಪೆಂಡ್ ಒಂದನೇ ತಾರೀಕಿಗೆ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಕಾಲೇಜು ಪ್ರತಿ ತಿಂಗಳು ಹಾಜರಾತಿ ದೃಢಪಡಿಸಬೇಕು. ನನಗೆ ಮೊದಲ ಕಂತು ಸಿಕ್ಕಿದ್ದು ನಾಲ್ಕನೇ ತಿಂಗಳು, ಒಟ್ಟಿಗೆ. ಆಧಾರ್ ಜೋಡಿಸಿದ, ನಿಮ್ಮೊಬ್ಬರ ಹೆಸರಿನ ಉಳಿತಾಯ ಖಾತೆ ಇರಲಿ, ಜಂಟಿ ಖಾತೆ ಆಗಲ್ಲ.

46,000 ಮತ್ತು 12,400 ಸೇರಿ 58,400. ಆದರೂ ನಮಗೆ ತಿಂಗಳಿಗೆ ಸುಮಾರು 20,000 ಕಮ್ಮಿ ಬೀಳ್ತಿತ್ತು. ಅದು ಉಳಿತಾಯದಿಂದ ಹೋಯ್ತು. ಪಿಎಫ್ ಮುಟ್ಟಲಿಲ್ಲ. ಆಗಿನ ನಿಯಮ ತಮಾಷೆಯಾಗಿತ್ತು: 7 ವರ್ಷ ಸದಸ್ಯನಾಗಿದ್ದರೆ ನನ್ನ ಪಾಲಿನ ಅರ್ಧ ಹಣವನ್ನ ಮಕ್ಕಳ ಓದಿಗೆ ತೆಗೀಬಹುದಿತ್ತು, ನನ್ನ ಓದಿಗೆ ಇಲ್ಲ. ಯುಕೆಜಿ ಮಗಳು ಕಾಲೇಜಿಗೆ ಹೋಗೋವರೆಗೂ ಕಾಯಬೇಕಿತ್ತು ಅನ್ನಿ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಈ ನಿಯಮಗಳನ್ನ ಸರಳ ಮಾಡುವ ತೀರ್ಮಾನ ತಗೊಂಡಿದೆ, ಅರ್ಜಿ ಹಾಕುವ ದಿನ ಏನಿದೆ ಅಂತ ನೋಡಿಕೊಳ್ಳಿ.

ಫೀಸಿಗೆ 2 ಲಕ್ಷ ಎಜುಕೇಶನ್ ಲೋನ್ ತಗೊಂಡೆ. ಬ್ಯಾಂಕಿನಲ್ಲಿ ಕೂತವರು "ಮಗಳಿಗಾ ಸಾರ್?" ಅಂದರು. ನನಗೇ ಅಂದಾಗ "ಈ ವಯಸ್ಸಲ್ಲಾ?" ಅಂತ ನಕ್ಕರು, ವಯಸ್ಸು ಮೀರಿದೆ ಅಂತ ಫಾರ್ಮು ವಾಪಸ್ ಕೊಟ್ಟರು. ಮನೆಗೆ ಬಂದು ಓದಿದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ವಿದ್ಯಾರ್ಥಿಯ ವಯಸ್ಸಿಗೆ ನಿರ್ಬಂಧ ಇಲ್ಲ ಅಂತಲೇ ಇದೆ. ಮದುವೆ ಆದವರಿಗೆ ಅಪ್ಪನ ಬದಲು ಗಂಡ ಅಥವಾ ಹೆಂಡತಿ ಜೊತೆ ಸಾಲಗಾರರಾಗಬಹುದು ಅಂತಲೂ ಇದೆ. 4 ಲಕ್ಷದವರೆಗೆ ಅಡಮಾನ ಬೇಡ. ಅದರ ಪ್ರಿಂಟ್ ಹಿಡಿದು ಇನ್ನೊಂದು ಬ್ಯಾಂಕಿಗೆ ಹೋದೆ, ಮೂರು ವಾರದಲ್ಲಿ ಸಾಲ ಸಿಕ್ತು. ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಇದೆ. ನೀವು ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯಾ ನೋಡಿ.

ತೆರಿಗೆಯ ಒಂದು ಸೂಕ್ಷ್ಮ. 80ಇ ಅಡಿಯಲ್ಲಿ ಓದಿನ ಸಾಲದ ಬಡ್ಡಿಗೆ ವಿನಾಯಿತಿ ಇದೆ, ಮೊತ್ತಕ್ಕೆ ಮಿತಿ ಇಲ್ಲ, ಆದರೆ 8 ವರ್ಷ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಈ ಎಂಟರ ಎಣಿಕೆ ಶುರುವಾಗೋದು ನೀವು ಬಡ್ಡಿ ಕಟ್ಟೋಕೆ ಶುರು ಮಾಡಿದ ವರ್ಷದಿಂದ. ಓದುವಾಗಲೇ ಬಡ್ಡಿ ಕಟ್ಟಿದರೆ, ತೆರಿಗೆಯೇ ಇಲ್ಲದ ಎರಡು ವರ್ಷ ಲೆಕ್ಕದಲ್ಲಿ ಕಳೆದುಹೋಗುತ್ತೆ. ಹಾಗಂತ ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯುತ್ತೆ. ನನ್ನದು ಸಣ್ಣ ಸಾಲ, ಕಟ್ಟಿಬಿಟ್ಟೆ. ಗಂಡ ಅಥವಾ ಹೆಂಡತಿಯ ಓದಿಗೆ ತಗೊಂಡ ಸಾಲಕ್ಕೂ ವಿನಾಯಿತಿ ಇದೆ, ಹಾಗಾಗಿ ದುಡಿಯುತ್ತಿರುವವರೇ ಸಾಲಗಾರರಾಗಿ ಬಡ್ಡಿ ಕಟ್ಟೋದು ಜಾಣತನ. ಮಾವನೋ ಗೆಳೆಯನೋ ಕೊಟ್ಟ ಕೈಸಾಲಕ್ಕೆ ಇದು ಸಿಗಲ್ಲ.

ಇನ್ನು ಸಂಘ ಸಂಸ್ಥೆಗಳು. ಕೇಳೋಕೆ ನನಗೆ ನಾಚಿಕೆ. ನಾವು ಚಹಾಕ್ಕೆ ಹೋಗುವ ಉಡುಪಿ ಹೋಟೆಲಿನ ಯಜಮಾನರು ಒಂದು ದಿನ ವಿಷಯ ಕೇಳಿ ಬೈದೇ ಬಿಟ್ಟರು. "ಎಂತ ಮಾರಾಯ್ರೇ, ನಾನು ಹಗಲು ಬಟ್ಟಲು ತೊಳೆದು ರಾತ್ರಿ ಶಾಲೆಗೆ ಹೋದವ. ಮೆಟ್ರಿಕ್ ಪಾಸಾಗುವಾಗ ನನಗೆ ಇಪ್ಪತ್ತೆರಡು. ಪುಸ್ತಕ ಕೊಟ್ಟದ್ದು ಸಂಘದವರು. ಕೇಳ್ಲಿಕ್ಕೆ ಎಂತ ನಾಚಿಕೆ?" ಅವರು ಹೇಳಿದ್ದು ಮುಂಬೈ ಕನ್ನಡಿಗರ ದೊಡ್ಡ ಇತಿಹಾಸ. ಮೊಗವೀರರ ಉಚಿತ ರಾತ್ರಿ ಹೈಸ್ಕೂಲು, ಬಿಲ್ಲವರ ಗುರು ನಾರಾಯಣ ರಾತ್ರಿ ಶಾಲೆ, ಹೀಗೆ ಹೋಟೆಲು ಕ್ಯಾಂಟೀನುಗಳ ಹುಡುಗರು ಓದಿದ ಜಾಗಗಳು. 1911ರ ಕೆನರಾ ಸಾರಸ್ವತ ಅಸೋಸಿಯೇಶನ್, 1927ರ ಬಂಟರ ಸಂಘ ಮುಂತಾದವು ಓದುವವರಿಗೆ ನೆರವು ಕೊಡ್ತಾ ಬಂದಿವೆ. ನಿಮ್ಮ ಸಮುದಾಯದ್ದು ಇದ್ದರೆ ಅಲ್ಲಿ, ಇಲ್ಲದಿದ್ದರೆ ಎಲ್ಲ ಕನ್ನಡಿಗರಿಗೂ ತೆರೆದಿರುವ ಸಂಘದಲ್ಲಿ ವಿಚಾರಿಸಿ. ನನಗೆ ಅಂಥ ಒಂದು ಕಡೆ ಎರಡನೇ ವರ್ಷ 15,000 ಸಿಕ್ಕಿತು. ವೇದಿಕೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಸಾಲಿನಲ್ಲೇ ನಿಂತಿದ್ದೆ. ಹಿಂದಿದ್ದ ಹುಡುಗ "ಅಂಕಲ್, ನಿಮ್ಮ ಮಗು ಬಂದಿಲ್ವಾ?" ಅಂತ ಕೇಳಿದ. ಬಂದಿದ್ದಳು, ಮೂರನೇ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ವಿಡಿಯೋದಲ್ಲಿ ಹೇಳೋದು ಮರೆತದ್ದು ಒಂದಿದೆ. ಕೆಲಸ ಬಿಟ್ಟರೆ ಕಂಪನಿಯ ಆರೋಗ್ಯ ವಿಮೆಯೂ ನಿಲ್ಲುತ್ತೆ. ಹೊಸ ಪಾಲಿಸಿಗೆ ಕಾಯುವ ಅವಧಿ ಇರುತ್ತೆ, ಹಾಗಾಗಿ ರಾಜೀನಾಮೆ ಪತ್ರ ಕೊಡುವ ಮೊದಲೇ ಮನೆಯವರೆಲ್ಲರ ಹೆಸರಲ್ಲಿ ಒಂದು ಮಾಡಿಸಿಬಿಡಿ. ನಮ್ಮ ಮಗಳಿಗೆ ಡೆಂಗಿ ಆಗಿದ್ದು ನನ್ನ ಎರಡನೇ ಸೆಮಿಸ್ಟರ್ ಪರೀಕ್ಷೆಯ ವಾರ.