ಆರ್‌ಆರ್ 310 ಅಥವಾ ಆರ್‌ಸಿ 390? ನಿಮ್ಮ ಮಣಿಕಟ್ಟನ್ನೇ ಕೇಳಿ

ಆರು ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್, ಏಳನೇ ದಿನ ನಂದಿ ಬೆಟ್ಟ. ಬೆಂಗಳೂರಿನ ಬೈಕ್ ಹುಚ್ಚರ ವಾರ ಅಂದ್ರೆ ಇಷ್ಟೇ. ನಾನೂ ಅದೇ ಗುಂಪಿನವನು. ಕಳೆದ ವರ್ಷ ನಂದಿಯ ತಿರುವೊಂದರಲ್ಲಿ ವೇಗ ಜಾಸ್ತಿಯಾಗಿ ರಸ್ತೆಯ ಆ ಕಡೆಗೇ ಹೋಗಿಬಿಟ್ಟೆ. ಎದುರಿಗೆ ಹಾಲಿನ ವ್ಯಾನ್! ಆ ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಇವತ್ತು ಇದನ್ನ ಬರೀತಿದೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಅವತ್ತೇ ತೀರ್ಮಾನಿಸಿದೆ, ವೇಗದ ಚಟಕ್ಕೆ ರೇಸ್ ಟ್ರ್ಯಾಕೇ ಸರಿ. ನನ್ನದು 2020ರ ಟಿವಿಎಸ್ ಅಪಾಚೆ ಆರ್‌ಆರ್ 310. ಗೆಳೆಯನದು 2022ರ ಕೆಟಿಎಂ ಆರ್‌ಸಿ 390. ಎರಡು ವಾರ ಬೈಕ್ ಅದಲು ಬದಲು ಮಾಡ್ಕೊಂಡು ಆಫೀಸಿಗೆ ಓಡಿಸಿದ್ವಿ. ಆಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೊರಟ್ವಿ.

ಲೆಕ್ಕದಲ್ಲಿ
ಆರ್‌ಆರ್: 312 ಸಿಸಿ, 34 ಪಿಎಸ್, 174 ಕೆಜಿ. ಆರ್‌ಸಿ: 373 ಸಿಸಿ, 43.5 ಪಿಎಸ್, 172 ಕೆಜಿ. ತೂಕ ಹೆಚ್ಚುಕಮ್ಮಿ ಒಂದೇ, ಶಕ್ತಿಯಲ್ಲಿ ಮಾತ್ರ ಹತ್ತಿರ ಹತ್ತಿರ 10 ಪಿಎಸ್ ಅಂತರ.

ರೋಡಿನಲ್ಲಿ
ಆರ್‌ಆರ್ ಮೇಲೆ ಅಷ್ಟಾಗಿ ಬಗ್ಗಿ ಕೂರಬೇಕಾಗಿಲ್ಲ. ಸೀಟಿನ ಎತ್ತರವೂ 810 ಮಿಮೀ, ಆರ್‌ಸಿಗಿಂತ 14 ಮಿಮೀ ಕಡಿಮೆ. ಮಳೆ ಬಂದ್ರೆ ರೇನ್ ಮೋಡ್ ಹಾಕಿದ್ರಾಯ್ತು, ಶಕ್ತಿ ತಾನೇ ತಗ್ಗುತ್ತೆ. ಆರ್‌ಸಿಯಲ್ಲಿ ದೇಹದ ಭಾರ ಕೈಗಳ ಮೇಲೆ ಬೀಳೋದು ಜಾಸ್ತಿ. ಒಂದು ಗಂಟೆ ಟ್ರಾಫಿಕ್ ದಾಟಿ ಆಫೀಸ್ ಸೇರೋ ಹೊತ್ತಿಗೆ ನನ್ನ ಮಣಿಕಟ್ಟು ಹಿಡ್ಕೊಂಡಿತ್ತು.

ಟ್ರ್ಯಾಕಿನಲ್ಲಿ
3.7 ಕಿಮೀ, 12 ತಿರುವು. ಇಲ್ಲಿ ಆರ್‌ಸಿ ಕತೆಯೇ ಬೇರೆ. ತಿರುವಿನಿಂದ ಹೊರಬಂದ ಕೂಡಲೇ ಎಳೆಯುತ್ತೆ. ಕ್ವಿಕ್‌ಶಿಫ್ಟರ್ ಇರೋದ್ರಿಂದ ಗೇರ್ ಬದಲಿಸೋಕೆ ಕ್ಲಚ್ ಬೇಡ. ಬಾಗಿದಾಗ ಬ್ರೇಕ್ ಹಿಡಿದ್ರೂ ಕಾರ್ನರಿಂಗ್ ಎಬಿಎಸ್ ನೆರವಿಗಿದೆ.

ಆದ್ರೆ ಪಾಠ ಕಲಿಸಿದ್ದು ನನ್ನ ಆರ್‌ಆರ್. ಶಕ್ತಿ ಕಡಿಮೆ ಇರೋದ್ರಿಂದ ತಿರುವಿನಲ್ಲಿ ವೇಗ ಕಳ್ಕೊಂಡ್ರೆ ಮತ್ತೆ ಬರೋದು ತಡ. ಹಾಗಾಗಿ ಲೈನ್ ಸರಿಯಾಗಿ ಹಿಡೀಲೇಬೇಕು. ಅಲ್ಲಿನ ತರಬೇತುದಾರರು ಹೇಳಿದ್ದು ಒಂದೇ ಮಾತು, ಕಣ್ಣು ಎಲ್ಲಿಗೋ ಬೈಕೂ ಅಲ್ಲಿಗೇ. ನಂದಿಯಲ್ಲಿ ನಾನು ನೋಡಿದ್ದು ವ್ಯಾನನ್ನ, ರಸ್ತೆಯನ್ನಲ್ಲ!

ಹಾಗಾದ್ರೆ ಯಾವುದು?
ದಿನಾ ಆಫೀಸಿಗೆ ಅದೇ ಬೈಕ್, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್ ಅನ್ನೋರಿಗೆ ಆರ್‌ಆರ್. 2024ರಲ್ಲಿ ಅದೂ 38 ಪಿಎಸ್‌ಗೆ ಏರಿದೆ. ಮನೆಯಲ್ಲಿ ಓಡಾಟಕ್ಕೆ ಬೇರೆ ಗಾಡಿ ಇದ್ದು, ಟ್ರ್ಯಾಕೇ ಮುಖ್ಯ ಅನ್ನೋರಿಗೆ ಆರ್‌ಸಿ. ಯಾವುದೇ ತಗೊಳ್ಳಿ, ಇಎಂಐ ಲೆಕ್ಕ ಹಾಕುವಾಗ ಲೆದರ್ ಸೂಟ್, ಗ್ಲೌಸ್, ಬೂಟ್, ಒಳ್ಳೆ ಹೆಲ್ಮೆಟ್ ದುಡ್ಡನ್ನೂ ಸೇರಿಸಿ. ರೇಸ್, ಸ್ಪೀಡ್ ಟೆಸ್ಟ್‌ಗೆ ಸಾಮಾನ್ಯ ಇನ್ಶೂರೆನ್ಸ್ ಅನ್ವಯಿಸಲ್ಲ, ನೆನಪಿರಲಿ.

ನಾನು ಆರ್‌ಆರ್ ಬದಲಿಸಿಲ್ಲ. ನಂದಿಗೆ ಈಗಲೂ ಹೋಗ್ತೀನಿ, ನಿಧಾನಕ್ಕೆ, ಕಾಫಿ ಕುಡಿಯೋಕೆ. ಇದನ್ನ ಓದಿದ್ರೆ ಅಮ್ಮನಿಗೂ ವ್ಯಾನಿನ ವಿಷಯ ಗೊತ್ತಾಗುತ್ತೆ. ಗೊತ್ತಾಗ್ಲಿ. ಬೈಸ್ಕೊಳ್ಳೋಕಾದ್ರೂ ನಾನಿದ್ದೀನಲ್ಲ!