ವಾಲ್‌ಮಾರ್ಟ್ ಸೋತದ್ದೆಲ್ಲಿ, ನಮ್ಮ ಕಿರಾಣಿ ಗೆಲ್ಲೋದೆಲ್ಲಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಕೆಲಸಕ್ಕೆಂದು ಕಲಬುರಗಿಗೆ ಹೋದರೆ, ಬರುವಾಗ ಸೂಪರ್‌ಮಾರ್ಕೆಟ್‌ನಿಂದ ತಿಂಗಳ ಸಾಮಾನೂ ತರ್ತಾರೆ. ‘ಇನ್ನ ಊರಿನ ಕಿರಾಣಿ ಮುಗೀತು ಬಿಡ್ರಿ’ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಜರ್ಮನಿಯ ಕಥೆ ನೆನಪಾಗುತ್ತದೆ.

ದೈತ್ಯನೂ ಸೋತ

ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಕಾಲಿಟ್ಟಿತು. ಅದರ ದೊಡ್ಡ ಬಲ ಕಡಿಮೆ ಬೆಲೆ. ಆದರೆ ಅಲ್ಲಿನ ಆಲ್ಡಿ, ಲಿಡ್ಲ್ ಆ ಆಟದಲ್ಲಿ ಮೊದಲೇ ಪಳಗಿದ್ದವು. ಆಲ್ಡಿಯಲ್ಲಿ ಸಾಮಾನಿನ ಬಗೆ ಕಡಿಮೆ, ಹೆಚ್ಚಿನವು ಸ್ವಂತ ಬ್ರ್ಯಾಂಡಿನವು, ಮಾಲು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಮಾರಾಟ. ಖರ್ಚು ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. 2006ರಲ್ಲಿ ತನ್ನ 85 ಮಳಿಗೆಗಳನ್ನು ಮೆಟ್ರೊ ಕಂಪನಿಗೆ ಮಾರಿ ವಾಲ್‌ಮಾರ್ಟ್ ಹೊರಟಿತು. ಫ್ರಾನ್ಸಿನ ಕಾರ್ಫೂರ್ ಕೂಡ 2010ರಲ್ಲಿ ದೆಹಲಿಯಲ್ಲಿ ಸಗಟು ಮಳಿಗೆ ತೆರೆದು, 2014ರಲ್ಲಿ ಭಾರತ ಬಿಟ್ಟಿತು.

2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಶುರುವಾದ ಡಿಮಾರ್ಟ್‌ನ ಬಲವೇ ಬೇರೆ. ಹೆಚ್ಚಿನ ಕಟ್ಟಡ ಸ್ವಂತದ್ದು, ಬಾಡಿಗೆಯ ಹೊರೆ ಇಲ್ಲ. ಮಾಲು ಕೊಟ್ಟವರಿಗೆ ಬೇಗ ಹಣ ಕೊಡುತ್ತದೆ, ಅದಕ್ಕೇ ಅಗ್ಗದ ದರ ಸಿಗುತ್ತದೆ.

ನಮ್ಮ ಅಂಗಡಿಯ ಬಲ

ಕಿರಾಣಿ ಅಂಗಡಿಯ ಬಲ ಉದ್ರಿ. ವಾಡಿಯ ಸಿಮೆಂಟ್ ಕಾರ್ಮಿಕನಿಗೆ ಪಗಾರ ಆಗೋ ತನಕ, ಚಿಂಚೋಳಿಯ ರೈತನಿಗೆ ತೊಗರಿ ರಾಶಿ ಆಗೋ ತನಕ ಸಾಮಾನು ಕೊಡುವುದು ಅದೇ. ಚಿತ್ತಾಪುರದಲ್ಲಿ ಒಬ್ಬಳೇ ಇರುವ ನಮ್ಮವ್ವ ಫೋನ್ ಮಾಡಿದರೆ ಸಾಕು, ಅರ್ಧ ಕೆಜಿ ಸಕ್ಕರೆಯಾದರೂ ಅಂಗಡಿ ಹುಡುಗ ಮನೆಗೆ ತಂದುಕೊಡ್ತಾನೆ. ಹಾಗಂತ ಕಿರಾಣಿಯೆಲ್ಲ ಬಂಗಾರವೇನಲ್ಲ. ಎಷ್ಟೋ ಕಡೆ ಬಿಲ್ ಇಲ್ಲ, ಹಳೇ ಮಾಲೂ ಇರುತ್ತದೆ. ಅದು ಸುಧಾರಿಸಲೇಬೇಕು.

ಆದರೆ ಒಂದು ಲೆಕ್ಕ ಹಾಕಿ. ಪಗಾರದ ದಿನದ ನಗದು ಪೂರ್ತಿ ಸೂಪರ್‌ಮಾರ್ಕೆಟ್‌ಗೆ, ತಿಂಗಳ ಕೊನೆಯ ಉದ್ರಿ ಮಾತ್ರ ಕಿರಾಣಿಗೆ ಅಂದರೆ ಆ ಖಾತೆ ಪುಸ್ತಕ ಎಷ್ಟು ದಿನ ತೆರೆದಿದ್ದೀತು? ಕೈಯಲ್ಲಿ ನಗದು ಇರುವ ನಮ್ಮಂಥವರು ದೂರ ಸರಿದಷ್ಟೂ ಉದ್ರಿ ಬೇಕಾದವರಿಗೆ ಕಷ್ಟ.

ನಾನು ಮಾಡೋದು ಇಷ್ಟೇ: ಸಾಬೂನು, ಎಣ್ಣೆಯಂಥ ಪ್ಯಾಕೆಟ್ ಮಾಲಿಗೆ ಕೆಜಿ, ಲೀಟರ್ ದರ ಹೋಲಿಸಿ, ಅಗ್ಗ ಇದ್ದಲ್ಲಿ ಕೊಳ್ತೀನಿ. ಜೋಳ, ತೊಗರಿಬೇಳೆ ಊರಿನ ಅಂಗಡಿಯಲ್ಲೇ, ಅದೂ ನಗದು ಕೊಟ್ಟು. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿ ನಮ್ಮ ಹೊಲದ್ದೇ ಅಲ್ವಾ? ಅದನ್ನ ಊರಲ್ಲೇ ಕೊಂಡರೆ ಅಂಗಡಿಯೂ ಉಳೀತದೆ, ಅವ್ವನ ಫೋನಿಗೆ ಉತ್ತರಿಸುವವರೂ ಇರ್ತಾರೆ.